ಗೊಬ್ಬರದ ಚಹಾ ಮತ್ತು ಹಸಿ ಹಕ್ಕರಕಿ

ಮಗಳ ಅತ್ತೆ ನಾನು ಕಳಿಸಿದ ಸೊಪ್ಪನ್ನು ಎಸೆಯುತ್ತಿದ್ದಾರೆ ಎಂಬ ಗುಮಾನಿ ನನ್ನಲ್ಲಿ ಹುಟ್ಟಿದ್ದು ಒಂದು ಫೋನ್ ಮಾತಿನಿಂದ. ಆ ಹೊತ್ತಿಗೆ ನಾನು ನಾಶಿಕ್ ಹತ್ತಿರದ ಓಝರಿನಿಂದ ಔರಂಗಾಬಾದಿಗೆ ವಾರಕ್ಕೊಂದು ಚೀಲದಂತೆ ಹಕ್ಕರಕಿ ಸೊಪ್ಪು ಕಳಿಸಲು ಶುರು ಮಾಡಿ ತಿಂಗಳ ಮೇಲಾಗಿತ್ತು. ಬೀಗಿತ್ತಿ ಅದೂ ಇದೂ ಮಾತಾಡಿ, ಫೋನ್ ಇಡುವ ಮುಂಚೆ ಕೇಳಿದರು:

"ಅಲ್ಲ, ನಿಮ್ಮ ಆ ಸೊಪ್ಪುಂಟಲ್ಲ, ಅದನ್ನು ಸಾಂಬಾರಿಗೆ ಹಾಕುದಾ, ಪಲ್ಯ ಮಾಡುದಾ?"

ಹಕ್ಕರಕಿಯನ್ನು ನಮ್ಮ ವಿಜಾಪುರದ ಕಡೆ ಯಾರೂ ಬೇಯಿಸುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಕ್ಕದಲ್ಲಿ ಒಂದು ಹಿಡಿ ಹಸಿ ಹಕ್ಕರಕಿ. ರೊಟ್ಟಿಯ ಜೊತೆ ಹಾಗೇ ಕಚ್ಚಿ ತಿನ್ನುವುದು. ಬೇಯಿಸಿದರೆ ಅದು ಹುಲ್ಲಿಗಿಂತ ಕಡೆ. ತಿಂಗಳಿಂದ ಮನೆಗೆ ಬರುತ್ತಿರುವ ಸೊಪ್ಪನ್ನು ಹೇಗೆ ತಿನ್ನಬೇಕೆಂಬುದೇ ಮನೆಯ ಯಜಮಾನಿಗೆ ಗೊತ್ತಿಲ್ಲ ಎಂದರೆ ಅರ್ಥವೇನು? ಸೊಪ್ಪು ಆ ಮನೆಯಲ್ಲಿ ಯಾರ ತಾಟಿಗೂ ಬಿದ್ದಿಲ್ಲ. ನನ್ನ ಮಗಳ ತಾಟಿಗೂ ಬಿದ್ದಿಲ್ಲ.

ಅನುಮಾನ ಪಡುವುದು ನನಗೆ ಹೊಸದಲ್ಲ. ಗೌಳಿಗನ ಹಾಲಿನಲ್ಲಿ ನೀರು, ಕಿರಾಣಿ ಅಂಗಡಿಯ ಉದ್ದಿನಬೇಳೆಯಲ್ಲಿ ಹಳೆಯ ಬೇಳೆ, ಪಕ್ಕದ ಕ್ವಾರ್ಟರ್ಸಿನವಳ ನಗುವಿನ ಹಿಂದೆ ಏನೋ ಒಂದು ಕೆಲಸದ ಲೆಕ್ಕ, ಎಲ್ಲವನ್ನೂ ನಾನು ಮೊದಲು ಕಾಣುತ್ತೇನೆ, ಆಮೇಲೆ ಉಳಿದವರು ಕಾಣುತ್ತಾರೆ. ನನ್ನ ಗಂಡ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದರು. ದಿನವಿಡೀ ರಿವೆಟ್‌ಗಳನ್ನು ಅನುಮಾನದಿಂದ ನೋಡುವುದಕ್ಕೆ ಅವರಿಗೆ ಸಂಬಳ. ಕಾರ್ಖಾನೆಯ ಗೇಟು ದಾಟಿದೊಡನೆ ಅವರು ಎಲ್ಲರನ್ನೂ ನಂಬುತ್ತಿದ್ದರು. ಆ ಕೆಲಸವನ್ನು ಮನೆಯಲ್ಲಿ ನಾನು ಪುಕ್ಕಟೆ ಮಾಡುತ್ತಿದ್ದೆ.

ಆದರೆ ಈ ಸಲದ ಅನುಮಾನ ಹಾಲು ಬೇಳೆಯದಲ್ಲ. ಮಗಳು ಎರಡನೇ ಸಲ ಬಸುರಾಗಿದ್ದಳು. ಮೊದಲನೆಯದು ಹಿಂದಿನ ವರ್ಷ, ಮೂರು ತಿಂಗಳು ತುಂಬಿದ ಮೇಲೆ ಹೋಗಿಬಿಟ್ಟಿತ್ತು. ಆಗ ಅವಳು ನಮ್ಮ ಮನೆಯಲ್ಲಿ ಒಂದು ತಿಂಗಳು ಇದ್ದು ಔರಂಗಾಬಾದಿಗೆ ಮರಳಿದ್ದಳಷ್ಟೇ. ಯಾಕೆ ಹೀಗಾಯಿತು ಎಂದರೆ ಅಲ್ಲಿನ ಡಾಕ್ಟರು, ಕೆಲವು ಸಲ ಹೀಗಾಗುತ್ತದೆ, ಎಂದಷ್ಟೇ ಹೇಳಿದರಂತೆ. ಈ ಸಲ ಐದನೇ ತಿಂಗಳು ಹತ್ತಿರ ಬಂದರೂ ಅವಳ ಮೈಯಲ್ಲಿ ರಕ್ತ ಏರುತ್ತಿರಲಿಲ್ಲ. ಕಬ್ಬಿಣದ ಗುಳಿಗೆ ನುಂಗಿದರೆ ವಾಂತಿ. ಈ ಕೂಸೂ ಹೋದರೆ ಮಗಳೂ ಉಳಿಯಲಿಕ್ಕಿಲ್ಲ ಎಂಬ ಹೆದರಿಕೆ ನನಗೆ.

ಬೀಗರು ಉಡುಪಿ ಕಡೆಯವರು. ಔರಂಗಾಬಾದಿನಲ್ಲಿ, ಈಗ ಅದನ್ನು ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ಬಸ್ ನಿಲ್ದಾಣದ ಹತ್ತಿರ ಅವರದೊಂದು ಶಾಕಾಹಾರಿ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ನಾಶಿಕದ ಕನ್ನಡ ಸಂಘದ ಗಣಪತಿ ಹಬ್ಬದಲ್ಲಿ ಅವರ ಮಗ ನನ್ನ ಮಗಳನ್ನು ನೋಡಿ ಮೆಚ್ಚಿದ. ಎರಡೂ ಮನೆಯವರು ಕನ್ನಡದವರೇ ಎಂದು ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಅವರ ಊಟದ ಮೇಲೆ ಕಣ್ಣಿತ್ತು. ಅನ್ನ, ಗಂಜಿ, ತೆಂಗಿನಕಾಯಿ, ಮತ್ತೆ ಅನ್ನ. ರೊಟ್ಟಿ ತಿಂದು ಬೆಳೆದ ಹುಡುಗಿ ಅಲ್ಲಿ ಏನು ತಿಂದು ಗಟ್ಟಿಯಾಗಬೇಕು? ಹಕ್ಕರಕಿ ತಿಂದರೆ ರಕ್ತ ಆಗುತ್ತದೆ ಎನ್ನುವುದು ನನ್ನ ತವರಿನಲ್ಲಿ ಹೆಣ್ಣುಮಕ್ಕಳೆಲ್ಲ ನಂಬಿದ ಮಾತು. ಅದಕ್ಕೇ ಕಳಿಸುತ್ತಿದ್ದೆ.

ನನ್ನ ಹಕ್ಕರಕಿ ಪೇಟೆಯದಾಗಿರಲಿಲ್ಲ. ಪೇಟೆಯಲ್ಲಿ ಓಝರಿನ ಕಡೆ ಅದು ಸಿಗುವುದೂ ಇಲ್ಲ. ತವರಿನಿಂದ ತಂದ ಬೀಜವನ್ನು ಕ್ವಾರ್ಟರ್ಸಿನ ಹಿತ್ತಲಲ್ಲಿ ಒಂದು ಮಡಿ ಮಾಡಿ ಹಾಕಿದ್ದೆ. ದ್ರಾಕ್ಷಿ ತೋಟಗಳ ನಾಡು ಅದು. ಔಷಧ ಹೊಡೆಯುವ ವಾಸನೆ ಗಾಳಿಯಲ್ಲೇ ಇರುತ್ತಿತ್ತು. ಪೇಟೆಯ ಮೆಂತ್ಯದ ಸೂಡನ್ನು ಮೂಗಿಗೆ ಹಿಡಿದು ನೋಡಿ ನೋಡಿ ಸಾಕಾಗಿ, ತಿನ್ನುವುದನ್ನು ನಾನೇ ಬೆಳೆದುಕೊಳ್ಳುತ್ತೇನೆ ಎಂದು ಹಟ ತೊಟ್ಟಿದ್ದೆ. ತೂತು ಕೊರೆದ ಒಂದು ಹಳೇ ಡ್ರಮ್ಮಿನಲ್ಲಿ ಅಡುಗೆಮನೆಯ ಸಿಪ್ಪೆ, ಹಿತ್ತಲ ಒಣಗಿದೆಲೆ, ಚಹಾದ ಚರಟ, ನಡುನಡುವೆ ಸಗಣಿ, ಹೀಗೆ ಪದರ ಹಾಕಿ ಗೊಬ್ಬರ ಮಾಡುತ್ತಿದ್ದೆ. ವಾರಕ್ಕೊಮ್ಮೆ ಕೋಲಿನಿಂದ ಮೇಲೆ ಕೆಳಗೆ ಮಾಡಿ, ಒಂದು ಹಿಡಿ ತೆಗೆದು ಹಿಂಡಿ ನೋಡುತ್ತಿದ್ದೆ. ನೀರು ಇಳಿದರೆ ಒದ್ದೆ ಹೆಚ್ಚಾಯಿತು, ಪುಡಿಯಾದರೆ ಒಣಗಿತು. ಮಳೆ ಬಿದ್ದ ಹೊಲದ ವಾಸನೆ ಬಂದರೆ ಸರಿ. ಹುಳಿ ವಾಸನೆ ಬಂದರೆ ಡ್ರಮ್ಮನ್ನೂ ನಾನು ನಂಬುತ್ತಿರಲಿಲ್ಲ, ಪೂರ್ತಿ ಸುರುವಿ ಮತ್ತೆ ಒಣ ಎಲೆ ಸೇರಿಸಿ ತುಂಬುತ್ತಿದ್ದೆ.

ಗೊಬ್ಬರದ ಚಹಾ ಕಲಿತದ್ದು ಟೌನ್‌ಶಿಪ್ಪಿನ ಮಹಿಳಾ ಮಂಡಳದಲ್ಲಿ. ಕೃಷಿ ಕಾಲೇಜಿನಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಮರಾಠಿಯಲ್ಲಿ ಭಾಷಣ ಮಾಡಿ, ಮಾಗಿದ ಗೊಬ್ಬರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಬಕೆಟ್ ನೀರಿನಲ್ಲಿ ಇಳಿಬಿಟ್ಟು, ಸ್ವಲ್ಪ ಬೆಲ್ಲ ಹಾಕಿ, ಒಂದು ದಿನ ಗಾಳಿ ಊದಿಸಬೇಕು ಎಂದಳು. ಹೀಗೆ ಮಾಡಿದರೆ ಗೊಬ್ಬರದೊಳಗಿನ ಒಳ್ಳೆಯ ಜೀವಾಣುಗಳು ನೀರಿನಲ್ಲಿ ಹೆಚ್ಚುತ್ತವಂತೆ. ಆ ನೀರನ್ನು ಎಲೆಗೂ ಬೇರಿಗೂ ಹೊಡೆದರೆ ಗಿಡ ಎದ್ದು ನಿಲ್ಲುತ್ತದಂತೆ. ನಾನು ಅವಳನ್ನೂ ಪೂರ್ತಿ ನಂಬಲಿಲ್ಲ. ಬರೀ ಹಳೇ ಗೊಬ್ಬರದಿಂದ ಎಂಥ ಶಕ್ತಿ ಬಂದೀತು ಎಂದು, ಶಕ್ತಿಗೆಂದು ಒಂದು ಮುಷ್ಟಿ ಹಸಿ ಸಗಣಿಯನ್ನೂ ಗಂಟಿಗೆ ಸೇರಿಸುತ್ತಿದ್ದೆ. ಸಗಣಿಯಿಂದ ಅಂಗಳ ಸಾರಿಸಿದ ಕೈ ನನ್ನದು. ಅದರ ಮೇಲೆ ಅನುಮಾನ ಪಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಗಾಳಿ ಊದಲು ಗಂಡ ಒಂದು ಪುಟ್ಟ ಪಂಪು ತಂದುಕೊಟ್ಟರು. ದೇವಳಾಲಿ ಕ್ಯಾಂಪಿನಲ್ಲಿ ವರ್ಗವಾಗಿ ಹೊರಟಿದ್ದ ಯಾರೋ ಸೈನಿಕರ ಮನೆಯವರು ಮೀನಿನ ಗಾಜಿನ ಪೆಟ್ಟಿಗೆಯನ್ನು ಮಾರುತ್ತಿದ್ದರಂತೆ. ಮೀನು ಸತ್ತಿದ್ದವು, ಪಂಪು ಬದುಕಿತ್ತು. ಗಂಡನ ಹಳೇ ಧೋತರದ ತುಂಡಿನಲ್ಲಿ ಗೊಬ್ಬರ ಕಟ್ಟಿ, ಕಪ್ಪು ಬೆಲ್ಲ ಕರಗಿಸಿ, ಪಂಪಿನ ನಳಿಗೆ ಇಳಿಬಿಟ್ಟರೆ ಬಕೆಟ್ಟು ಬುಳುಬುಳು ಎನ್ನುತ್ತಿತ್ತು. ಮಾರನೇ ದಿನಕ್ಕೆ ಮೇಲೆ ಕಂದು ನೊರೆ. ಒಂದು ದಿನ ಟೌನ್‌ಶಿಪ್ಪಿನ ಕಾವಲುಗಾರ ಬೇಲಿಯ ಆಚೆ ನಿಂತು ಮೂಗು ಅರಳಿಸಿ, "ಕಾಯ್ ವೈನಿ, ಹಾತಭಟ್ಟಿ ಲಾವಲಿ ಕಾ?" ಎಂದು ನಕ್ಕ. ಕಳ್ಳಭಟ್ಟಿ ಇಳಿಸುತ್ತಿದ್ದೀರಾ ಎಂದು ಕೇಳಿದ್ದು. ಕಪ್ಪು ಬೆಲ್ಲ, ನೊರೆ, ಗುಳ್ಳೆ ನೋಡಿದರೆ ಅವನದೂ ತಪ್ಪಲ್ಲ. "ಕುಡೀತೀಯೇನು, ಲೋಟ ತರ್ಲೇನು?" ಎಂದೆ. ಅವನು ಹೆದರಿ ಹೋದ. ಆದರೂ ಆ ವಾರವೆಲ್ಲ ನನಗೆ, ಇವನು ಯಾರಿಗಾದರೂ ಹೇಳಿರಬಹುದೇ, ಎಂಬ ಕೊರೆತ.

ಹಕ್ಕರಕಿ ಮಾತ್ರ ಆ ಚಹಾ ಕುಡಿದು ಭರ್ತಿ ಬಂತು. ಎಲೆ ಒಂದೊಂದೂ ಅಗಲ, ಎಳಸು. ಭಾನುವಾರ ಬೆಳಿಗ್ಗೆ ಕೊಯ್ದು, ಹಳೇ ಸೀರೆಯ ಅಂಚು ಹರಿದು ಸೂಡು ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದೆ. ಗಂಡ ಸ್ಕೂಟರಿನಲ್ಲಿ ನಾಶಿಕಕ್ಕೆ ಹೋಗಿ ಔರಂಗಾಬಾದಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಅಲ್ಲಿ ಹೋಟೆಲಿನಿಂದ ಯಾರಾದರೂ ಬಂದು ಇಳಿಸಿಕೊಳ್ಳುತ್ತಿದ್ದರು. ಚೀಲ ಮುಟ್ಟಿತು ಎಂದು ಮಗಳು ಫೋನ್ ಮಾಡುತ್ತಿದ್ದಳು. ತಿಂದೆಯಾ ಎಂದರೆ, "ಹೂಂ ಅವ್ವಾ," ಎನ್ನುತ್ತಿದ್ದಳು. ಮತ್ತೆ ಬೇರೆ ಮಾತು ತೆಗೆಯುತ್ತಿದ್ದಳು.

ಬೀಗಿತ್ತಿಯ ಆ ಫೋನಿನ ನಂತರ ಮಗಳ 'ಹೂಂ' ಕೂಡ ನನಗೆ ಬೇರೆ ಥರ ಕೇಳತೊಡಗಿತು. ಅತ್ತೆ ಎದುರಿಗೆ ನಿಂತಿದ್ದಾರೆ, ಅದಕ್ಕೇ ಹುಡುಗಿ ಬಾಯಿ ಬಿಡುತ್ತಿಲ್ಲ. ಹೊಟ್ಟೆಗೆ ಸರಿಯಾಗಿ ಹಾಕುತ್ತಿಲ್ಲ, ತವರಿನಿಂದ ಬಂದದ್ದನ್ನೂ ತಿನ್ನಗೊಡುತ್ತಿಲ್ಲ. ರಕ್ತ ಏರುವುದಾದರೂ ಹೇಗೆ? ಗಂಡನಿಗೆ ಹೇಳಿದೆ. ಅವರು ಚಹಾ ಕುಡಿಯುತ್ತ ಪೇಪರಿನಿಂದ ತಲೆ ಎತ್ತಲಿಲ್ಲ.

"ಆ ಹೆಣ್ಮಗಳು ಹೋಟೆಲ್ ನಡಸೂಕಿ. ದಿನಾ ಅಷ್ಟು ಮಂದಿಗೆ ಉಣ್ಣಾಕ ಹಾಕ್ತಾಳ, ಸೊಸಿಗೆ ಹಾಕೂದಿಲ್ಲೇನು?"

"ಆ ಮಂದಿ ರೊಕ್ಕ ಕೊಡ್ತಾರ್ರಿ," ಎಂದೆ. "ಸೊಸಿ ಕೊಡ್ತಾಳೇನು?"

"ನಿನಗ ಅನುಮಾನದ ರೋಗ ಐತಿ."

"ಇರವಲ್ದ್ಯಾಕ. ನಾ ಹೋಗಿ ಬರ್ತೀನಿ. ನೀವು ಫೋನ್ ಮಾಡಿ ಹೇಳಬ್ಯಾಡ್ರಿ ಮತ್ತ."

ಹೇಳದೆ ಕೇಳದೆ ಬೀಗರ ಮನೆಗೆ ಹೋಗುವುದು ನಮ್ಮಲ್ಲಿ ಪದ್ಧತಿಯಲ್ಲ. ಹೇಳಿ ಹೋದರೆ ನನಗೆ ಬೇಕಾದದ್ದು ಕಾಣುವುದೂ ಇಲ್ಲ. ಔರಂಗಾಬಾದ್ ಮೇಲೆ ಪೈಠಣಕ್ಕೆ ಹೋಗುವ ಬಸ್ಸು ಸಿಕ್ಕಿತು. ಮಡಿಲಲ್ಲಿ ಆ ವಾರದ ಹಕ್ಕರಕಿಯ ಚೀಲ. ಯೇವಲೆ ದಾಟಿದ ಮೇಲೆ ಪಕ್ಕದಲ್ಲಿ ಕೂತ ಹೆಂಗಸು ಅದೇನು ಸೊಪ್ಪು ಎಂದು ಕೇಳಿದಳು. ಮಗಳಿಗೆ ಎಂದೆ. ಬಸುರಿಯಾ ಎಂದಳು. ಅದು ಅವಳಿಗೆ ಹೇಗೆ ತಿಳಿಯಿತು ಎಂದು ನಾನು ಚೀಲ ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಬೀಗಿತ್ತಿ ಹೋಟೆಲಿನ ಹಣದ ಗಲ್ಲೆಯ ಹಿಂದೆ ಕೂತಿದ್ದರು. ನನ್ನನ್ನು ಕಂಡು ಒಂದು ಗಳಿಗೆ ಕಣ್ಣು ಅಗಲವಾಯಿತು.

"ಅಯ್ಯೋ, ಬನ್ನಿ ಬನ್ನಿ! ಎಂತ, ಒಂದು ಫೋನ್ ಮಾಡ್ಬಾರ್ದಾ? ಮಗ ನಿಲ್ದಾಣಕ್ಕೆ ಬರ್ತಿದ್ದ."

"ಇಲ್ಲೇ ಪೈಠಣಕ್ಕ ಹೊಂಟಿದ್ದೆನ್ರಿ, ದಾರ್‍ಯಾಗ ಇಳದೆ," ಎಂದೆ. ಸುಳ್ಳು ನನಗೆ ಸಲೀಸಾಗಿಯೇ ಬಂತು. ಮಗಳು ಗಂಡನ ಜೊತೆ ರಕ್ತ ಪರೀಕ್ಷೆಗೆ ಹೋಗಿದ್ದಳು. ಬರುವುದಕ್ಕೆ ಇನ್ನೂ ಹೊತ್ತಿತ್ತು. ಅದು ನನಗೆ ಅನುಕೂಲವೇ ಆಯಿತು.

ಬೀಗಿತ್ತಿ ಮೇಲೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟರು. ನನ್ನ ಕಣ್ಣು ಅಡುಗೆಮನೆಯ ಮೂಲೆಮೂಲೆ ತಿರುಗುತ್ತಿತ್ತು. ಒಂದು ಮನೆಯನ್ನು ತಿಳಿಯಬೇಕಾದರೆ ಅಡುಗೆಮನೆ ನೋಡಿದರೆ ಸಾಲದು, ಅಡುಗೆಮನೆಯಿಂದ ಹೊರಬಿದ್ದದ್ದನ್ನು ನೋಡಬೇಕು ಎಂಬುದು ನನ್ನ ನಂಬಿಕೆ. ಗೊಬ್ಬರ ಮಾಡುವವರಿಗೆ ಈ ಬುದ್ಧಿ ತಾನಾಗಿ ಬರುತ್ತದೆ. ಹಿಂದೊಮ್ಮೆ ಓಝರಿಗೆ ಬಂದಾಗ ಬೀಗಿತ್ತಿ ನನ್ನ ಡ್ರಮ್ಮು ನೋಡಿ ಮೂಗು ಮುಚ್ಚಿಕೊಂಡಿದ್ದರು. ಆಮೇಲೆ ಅವರೂ ತಾರಸಿಯ ಮೇಲೆ ಅಂಥದೇ ಒಂದು ಡ್ರಮ್ಮು ಇಟ್ಟುಕೊಂಡಿದ್ದರು. ನನ್ನದನ್ನು ನೋಡಿ ಕಲಿತೆ ಎಂದು ಒಂದು ದಿನವೂ ಹೇಳಿರಲಿಲ್ಲ, ಅದು ಬೇರೆ ಮಾತು.

"ನಿಮ್ಮ ಗೊಬ್ಬರ ಹೆಂಗ ಆಗೇತಿ ನೋಡಿ ಬರ್ತೀನ್ರಿ," ಎಂದೆ.

"ಈಗಲಾ? ಬಿಸಿಲುಂಟು ಮೇಲೆ," ಎಂದರು. ಬಿಸಿಲಿನ ಮಾತಿನ ಹಿಂದೆಯೂ ನನಗೆ ಏನೋ ಕಂಡಿತು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕರೆದರು, ಅವರು ಇಳಿದು ಹೋದರು. ನಾನು ಮೆಟ್ಟಿಲು ಹತ್ತಿದೆ.

ಡ್ರಮ್ಮಿನ ಮುಚ್ಚಳ ತೆಗೆದು ಸೆರಗು ಸಿಕ್ಕಿಸಿ ಕೈ ಹಾಕಿದೆ. ಮೇಲೆ ಕಾಫಿ ಚರಟ, ತೆಂಗಿನ ನಾರು, ಬಾಳೆಲೆಯ ಚೂರು. ಹೋಟೆಲಿನವು. ಕೆಳಗೆ ಹೋದಂತೆ ದಾಳಿಂಬೆ ಸಿಪ್ಪೆ ಸಿಕ್ಕಿತು, ಒಂದಲ್ಲ, ಪದರ ಪದರದಲ್ಲೂ. ಬೀಟ್‌ರೂಟಿನ ಸಿಪ್ಪೆ, ಖರ್ಜೂರದ ಬೀಜ, ನುಗ್ಗೆಸೊಪ್ಪಿನ ಕಡ್ಡಿ. ಇಡ್ಲಿ ವಡೆ ಮಾರುವ ಹೋಟೆಲಿಗೆ ದಾಳಿಂಬೆ ಯಾಕೆ ಬೇಕು? ಇವನ್ನು ಯಾರೋ ದಿನಾ ಒಬ್ಬರಿಗಾಗಿ ಬಿಡಿಸಿದ್ದಾರೆ ಎಂದು ನನ್ನ ಕೈಗೆ ಗೊತ್ತಾಯಿತು. ಮನಸ್ಸು ಮಾತ್ರ ಒಪ್ಪಲಿಲ್ಲ. ಕೈ ಇನ್ನೂ ಕೆಳಗೆ ಹೋಯಿತು.

ಅಲ್ಲಿದ್ದವು ನನ್ನ ಸೂಡುಗಳು. ಎಲೆ ಕರಗಿ ಕಪ್ಪಾಗಿ ಲೋಳೆಯಾಗಿತ್ತು. ಸೀರೆಯ ಅಂಚು ಕರಗಿರಲಿಲ್ಲ. ಗಂಟು ನಾನು ಹಾಕಿದಂತೆಯೇ ಇತ್ತು. ಬಿಚ್ಚಿ ನೋಡುವ ತ್ರಾಸೂ ತೆಗೆದುಕೊಂಡಿರಲಿಲ್ಲ. ಹಸಿರು ಅಂಚು, ಅದರ ಕೆಳಗೆ ನೀಲಿ, ಇನ್ನೂ ಕೆಳಗೆ ಕೆಂಪು. ಪ್ರತಿ ವಾರದ ಸೂಡೂ ಕಟ್ಟಿದ್ದು ಕಟ್ಟಿದ ಹಾಗೆ ಅಲ್ಲಿತ್ತು. ನನಗೆ ಸಿಟ್ಟು ಬಂತು ಎಂದರೆ ಕಡಿಮೆಯಾಯಿತು. ಅದರ ಜೊತೆಗೇ, ಹೇಳಬೇಕೆಂದರೆ, ಒಂದು ಥರದ ಸಮಾಧಾನ. ನಾನು ಅಂದದ್ದೇ ಖರೆಯಾಯಿತಲ್ಲ.

ಒಂದು ಸೂಡು ಹಿಡಿದೇ ಕೆಳಗೆ ಬಂದೆ. ಬೀಗಿತ್ತಿ ಅಡುಗೆಮನೆಗೆ ಮರಳಿ ದಾಳಿಂಬೆ ಬಿಡಿಸುತ್ತಿದ್ದರು. ಸೂಡನ್ನು ಕಟ್ಟೆಯ ಮೇಲೆ ಇಟ್ಟೆ.

"ಇದೇನ್ರಿ ಬೀಗರ?"

ಅವರು ಅದನ್ನು ನೋಡಿದರು. ನನ್ನ ಮುಖ ನೋಡಿದರು.

"ನಿಮ್ಮ ಸೊಪ್ಪಲ್ವಾ? ಇದೆಲ್ಲಿತ್ತು?"

"ನಿಮ್ಮ ಡ್ರಮ್ಮಿನ್ಯಾಗ. ಎಲ್ಲಾ ವಾರದ್ದೂ ಐತಿ. ಒಂದರ ಗಂಟೂ ಬಿಚ್ಚಿಲ್ಲ. ನಿಮಗ ಬ್ಯಾಡಂದ್ರ ಬ್ಯಾಡ ಅನ್ರಿ, ನನ್ನ ಮಗಳ ಹೊಟ್ಟಿಮ್ಯಾಲ ಯಾಕ ಹೊಡೀತೀರಿ?"

ಬೀಗಿತ್ತಿಯ ಮುಖ ಕೆಂಪಾಯಿತು. ಕೈಯಲ್ಲಿದ್ದ ದಾಳಿಂಬೆಯ ಹೋಳನ್ನು ಮೆಲ್ಲಗೆ ಕೆಳಗಿಟ್ಟರು.

"ಎಂತ ಮಾತು ಮಾರಾಯ್ರೆ ಇದು! ನಾನು ಬಿಸಾಡುದಾ? ಆ ಚೀಲ ನಾನು ಬಿಚ್ಚಿದ್ದೇ ಇಲ್ಲ. ಬಂದ ಕೂಡ್ಲೇ ಅವಳೇ ತಕ್ಕೊಂಡು ಹೋಗ್ತಾಳೆ. ಅಮ್ಮನ ಊರಿಂದು, ನಾನೇ ತಿನ್ನುದು ಅಂತಾಳೆ. ಒಂದು ದಿನ ನಾನು ಕೇಳ್ದೆ, ನನಗೂ ಸ್ವಲ್ಪ ಕೊಡು, ಎಂತದಾದ್ರೂ ಮಾಡ್ತೇನೆ ಅಂತ. ಕೊಡ್ಲಿಲ್ಲ. ಅದಕ್ಕೇ ನಿಮಗೆ ಫೋನಿನಲ್ಲಿ ಕೇಳಿದ್ದು."

ನಾನು ನಂಬಲಿಲ್ಲ. ಸುಳ್ಳು ಹೇಳುವವರು ಹೀಗೇ ಸರಾಗವಾಗಿ ಹೇಳುತ್ತಾರೆ ಎಂದುಕೊಂಡೆ. ಅರ್ಧ ಗಂಟೆಯ ಹಿಂದೆ ನಾನೇ ಹೇಳಿರಲಿಲ್ಲವೇ? ಇಬ್ಬರೂ ಆ ಕಪ್ಪು ಸೂಡನ್ನು ನಡುವೆ ಇಟ್ಟುಕೊಂಡು ನಿಂತೆವು. ಕೆಳಗೆ ಹೋಟೆಲಿನಲ್ಲಿ ತಾಟುಗಳ ಸದ್ದು ಕೇಳುತ್ತಿತ್ತು.

ಆಗ ಮಗಳು ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಮುಖ ಬಿಳಿಚಿತ್ತು. ನನ್ನನ್ನು ಕಂಡು ಮೊದಲು ನಕ್ಕಳು. ಆಮೇಲೆ ಕಟ್ಟೆಯ ಮೇಲಿದ್ದದ್ದನ್ನು ಕಂಡಳು. ನಗು ಹೋಯಿತು.

"ಅವ್ವಾ, ಮಾಳಗಿ ಮ್ಯಾಲ ಬಾ," ಎಂದಳು. ಅತ್ತೆಯ ಕಡೆ ತಿರುಗಿ, "ಅತ್ತೆ, ದೋನ್ ಮಿನಿಟ್," ಎಂದು ಎರಡು ಬೆರಳು ತೋರಿಸಿದಳು.

ತಾರಸಿಯಲ್ಲಿ ನೀರಿನ ಟಾಕಿಯ ನೆರಳಿಗೆ ಹೋಗಿ ಕೂತೆವು. ಅವಳು ನನ್ನ ಕೈ ಹಿಡಿದುಕೊಂಡಳು. ಡ್ರಮ್ಮಿನೊಳಗೆ ಹಾಕಿ ಬಂದ ಕೈ ಅದು, ನಾನಿನ್ನೂ ತೊಳೆದಿರಲಿಲ್ಲ. ಅವಳು ಅದನ್ನು ನೋಡಿ ತನ್ನ ಕೈ ಬಿಡಿಸಿಕೊಂಡಳು. ಬೇಕೆಂದು ಮಾಡಿದ್ದಲ್ಲ. ಬಿಸಿ ಪಾತ್ರೆ ಮುಟ್ಟಿದವರು ಕೈ ತೆಗೆಯುವಂತೆ ತೆಗೆದಳು.

"ಅವ್ವಾ, ನಾನೇ ಹಾಕಿದ್ದು. ಅತ್ತೆಗೆ ಕಾಹೀ, ಏನೇನೂ ಗೊತ್ತಿಲ್ಲ."

"ಯಾಕ? ಕಹಿ ಆತೇನು? ಸಣ್ಣಾಕಿ ಇದ್ದಾಗಿಂದ ತಿಂದೀದಿ."

ಅವಳ ಕನ್ನಡ ಮೊದಲಿನಿಂದಲೂ ಅರ್ಧ ಮರಾಠಿ. ಕಷ್ಟದ ಮಾತು ಬಂದಾಗ ಅದೂ ಸಿಕ್ಕುಬೀಳುತ್ತಿತ್ತು.

"ಹೋದ ಸಲ ದವಾಖಾನ್ಯಾಗ ಡಾಕ್ಟರಬಾಯಿ ಕೇಳಿದ್ಲು. ಹಸಿ ಏನರ ತಿಂದಿದ್ಯಾ, ಸಗಣಿ ಗೊಬ್ಬರದ ಜೋಡಿ ಕೆಲಸ ಮಾಡಿದ್ಯಾ ಅಂತ. ಕೆಲವು ಜಂತು ಅದರಾಗ ಇರ್ತಾವಂತ, ಬಸುರಿಗೆ ವಾಯಿಟ್, ಕೆಟ್ಟದ್ದು ಅಂತ. ನಂಗ ಒಮ್ಮೆಲೇ ನಿನ್ನ ಬಕೆಟ್ ಕಂಡ್ತು. ಒಂದು ತಿಂಗಳಾ ನಿಮ್ಮಲ್ಲಿ ಇದ್ದೆ ನೋಡು, ದಿನಾ ತಿಂದೆ. ಮಡಿಯಿಂದ ಹರದು, ಸೀರಿಗೆ ಒರಸಿ, ಹಂಗೇ ತಿಂದೆ. ನೀ ಮುಂಜಾನೆ ಅದರ ಮ್ಯಾಲೇ ಹೊಡೀತಿದ್ದಿ."

"ಡಾಕ್ಟರಗ ಹೇಳಿದೇನು?" ಎಂದೆ.

"ಇಲ್ಲ. ಏನೂ ತಿಂದಿಲ್ಲ ಅಂದೆ."

"ಯಾಕ ಹೇಳಲಿಲ್ಲ? ಹೇಳಿದ್ರ ಅವರು ನೋಡತಿದ್ರು, ಔಷಧ..."

"ಅತ್ತಿ ಬಾಜೂಕ ನಿಂತಿದ್ರು ಅವ್ವಾ."

ಅಷ್ಟೇ ಅಂದಳು. ಅಷ್ಟೇ ಸಾಕಿತ್ತು. ತನ್ನ ಕೂಸು ಹೋದ ದಿನ, ಹಾಸಿಗೆಯಲ್ಲಿ ಮಲಗಿದ್ದಾಗ, ಈ ಹುಡುಗಿ ತನ್ನ ಬಗ್ಗೆ ಯೋಚಿಸಿರಲಿಲ್ಲ. ಅತ್ತೆಯ ಕಣ್ಣು ತನ್ನ ಅವ್ವನ ಮೇಲೆ ತಿರುಗಬಾರದು ಎಂದು ಡಾಕ್ಟರಿಗೇ ಸುಳ್ಳು ಹೇಳಿದ್ದಳು. ಆಮೇಲೆ ವರ್ಷವಿಡೀ ಅದನ್ನು ಒಬ್ಬಳೇ ನುಂಗಿಕೊಂಡು, ಈಗ ವಾರ ವಾರ ನಾನು ಕಳಿಸಿದ ಚೀಲ ಇಸಿದುಕೊಂಡು, ಯಾರ ಕೈಗೂ ಕೊಡದೆ, ಯಾರೂ ತಿನ್ನದಂತೆ ತಾನೇ ತಂದು ಕಸದ ತಳಕ್ಕೆ ಹುಗಿಯುತ್ತಿದ್ದಳು. ನಾನು ಫೋನಿನಲ್ಲಿ ತಿಂದೆಯಾ ಎಂದರೆ ಹೂಂ ಎನ್ನುತ್ತಿದ್ದಳು.

"ಅದರಿಂದನ ಆತು ಅಂತ ಯಾರ ಹೇಳಿದ್ರು ನಿನಗ?" ಎಂದೆ. ನನ್ನ ದನಿ ಜಗಳದ ದನಿಯಾಗಿಯೇ ಹೊರಟಿತು.

"ಯಾರೂ ಹೇಳಿಲ್ಲ. ಅದರಿಂದ ಆಗಿರಲಿಕ್ಕಿಲ್ಲ. ನಂಗೊತ್ತಿಲ್ಲ. ಪಣ್ ಭೀತಿ ವಾಟತೆ ಅವ್ವಾ," ಎಂದಳು. ಆದರೆ ಹೆದರಿಕೆಯಾಗುತ್ತದೆ ಎನ್ನುವುದನ್ನು ಅವಳು ಮರಾಠಿಯಲ್ಲೇ ಹೇಳಿದಳು. ಹೇಳಿ ಅಳತೊಡಗಿದಳು. ತಬ್ಬಿಕೊಳ್ಳಬೇಕೆಂದು ಎದ್ದ ನಾನು ನನ್ನ ಕೈ ನೋಡಿಕೊಂಡು, ಟಾಕಿಯ ನಳಕ್ಕೆ ಹೋಗಿ, ಸಾಬೂನಿಲ್ಲದೆ, ಉಗುರಿನ ಸಂದಿಯ ತನಕ ತಿಕ್ಕಿ ತಿಕ್ಕಿ ತೊಳೆದೆ. ಆಮೇಲೆ ತಬ್ಬಿಕೊಂಡೆ.

"ಇವತ್ತ ಡಾಕ್ಟರಗ ಹೇಳು. ಅತ್ತಿ ಇರಲಿ, ಯಾರರ ಇರಲಿ, ಎಲ್ಲಾ ಹೇಳು," ಎಂದೆ. ಅವಳು ತಲೆಯಾಡಿಸಿದಳು. ಹೇಳುತ್ತಾಳೋ ಇಲ್ಲವೋ ನಂಬಿಕೆ ಬರಲಿಲ್ಲ. ಸಂಜೆ ನಾನೇ ಅವಳ ಜೊತೆ ದವಾಖಾನೆಗೆ ಹೋಗಿ, ನಾನೇ ಹೇಳಿದೆ. ಬಕೆಟ್ಟು, ಬೆಲ್ಲ, ಹಸಿ ಸಗಣಿ, ಹಸಿ ಸೊಪ್ಪು, ಒಂದನ್ನೂ ಬಿಡಲಿಲ್ಲ. ಡಾಕ್ಟರು ಕೇಳಿಸಿಕೊಂಡರು. ಹೋದ ಸಲದ್ದು ಅದರಿಂದಲೇ ಆಯಿತು ಎಂದು ಹೇಳಲು ಬರುವುದಿಲ್ಲ, ಆಗಿಲ್ಲ ಎಂದೂ ಹೇಳಲು ಬರುವುದಿಲ್ಲ, ಈ ಸಲ ಪರೀಕ್ಷೆಯಲ್ಲಿ ರಕ್ತ ಕಡಿಮೆ ಎಂಬುದು ಬಿಟ್ಟರೆ ಎಲ್ಲ ಸರಿಯಿದೆ, ಹಸಿ ಏನೂ ಕೊಡಬೇಡಿ ಎಂದರು. ಗುಳಿಗೆ ಬದಲಾಯಿಸಿ ಕೊಟ್ಟರು. ನಾನು ಜನ್ಮದಲ್ಲಿ ಮೊದಲ ಸಲ ಡಾಕ್ಟರು ಸುಳ್ಳು ಹೇಳಲಿ, ಖಂಡಿತ ಅಲ್ಲ ಎಂದುಬಿಡಲಿ ಎಂದು ಹಾರೈಸಿದೆ. ಹೇಳಲಿಲ್ಲ.

ದವಾಖಾನೆಗೆ ಹೊರಡುವ ಮುಂಚೆ, ತಾರಸಿಯಿಂದ ಇಳಿದು ಬಂದಾಗ, ಬೀಗಿತ್ತಿ ಅಡುಗೆಮನೆಯಲ್ಲೇ ಇದ್ದರು. "ಎಂತಂತೆ?" ಎಂದು ಕೇಳಿದರು.

"ಕಹಿ ಅಂತ ತಿನ್ನಲಿಲ್ಲಂತ್ರಿ. ನನಗ ಬ್ಯಾಸರ ಆಗಬಾರದಂತ ಹೇಳಿಲ್ಲ. ನಾ ಅಂದದ್ದು ಮನಸಿನ್ಯಾಗ ಇಟಗೋಬ್ಯಾಡ್ರಿ ಬೀಗರ."

"ಹೌದಾ," ಎಂದರು. ಬಿಡಿಸಿದ ದಾಳಿಂಬೆಯ ಬಟ್ಟಲನ್ನು ಸೊಸೆಯ ಮುಂದೆ ಇಟ್ಟರು. ಆಮೇಲೆ ನನ್ನನ್ನು ನೋಡಿದರು, ಬಹಳ ಹೊತ್ತು. ಆ ನೋಟವನ್ನು ನಾನು ಗುರುತಿಸಿದೆ. ಹಾಲು ಅಳೆಯುವ ಗೌಳಿಗನನ್ನು ನಾನು ನೋಡುವುದು ಹಾಗೆಯೇ. ಅವರಿಗೆ ಎಷ್ಟು ಗೊತ್ತಾಯಿತೋ, ಆಮೇಲೆ ಮಗಳು ಏನು ಹೇಳಿದಳೋ, ನಾನು ಕೇಳಲಿಲ್ಲ. ಅವರೂ ಆ ಮಾತು ಎಂದೂ ಎತ್ತಲಿಲ್ಲ. ಹಬ್ಬಕ್ಕೆ ಬಂದಾಗ ನನ್ನ ಮನೆಯಲ್ಲಿ ಹಸಿ ಕೋಸಂಬರಿ ಮಾತ್ರ ಬಡಿಸಿಕೊಳ್ಳುವುದಿಲ್ಲ.

ಓಝರಿಗೆ ಮರಳಿ ಗಂಡನಿಗೆ ಎಲ್ಲ ಹೇಳಿದೆ. ಅವರು ಪೇಪರು ಮಡಿಚಿಟ್ಟರು. ಹಿತ್ತಲಿಗೆ ಹೋಗಿ ಬಕೆಟ್ಟಿನ ಮುಂದೆ ಸ್ವಲ್ಪ ಹೊತ್ತು ಕೂತರು. ಪಂಪು ಊದುತ್ತಲೇ ಇತ್ತು. ಆಮೇಲೆ ತಂತಿ ಕಿತ್ತು, "ಇದನ್ನ ತಂದಾವ ನಾನಽ," ಎಂದರು. ಚಹಾವನ್ನು ನಾನು ಪೂರ್ತಿ ಬಿಡಲಿಲ್ಲ. ಮಲ್ಲಿಗೆಗೆ, ಲಿಂಬೆಗೆ, ದಾಸವಾಳಕ್ಕೆ ಬೇರಿಗಷ್ಟೇ ಹೊಯ್ಯುತ್ತಿದ್ದೆ, ಸಗಣಿ ಇಲ್ಲದೆ, ಮಾಗಿದ ಗೊಬ್ಬರದಿಂದಷ್ಟೇ. ತಿನ್ನುವ ಸೊಪ್ಪಿಗೆ ನಳದ ನೀರು. ಹಕ್ಕರಕಿಯ ಮಡಿಯ ಮಣ್ಣನ್ನೂ ತೋಡಿ ತೆಗೆದು ಹೊಸ ಮಣ್ಣು ಹಾಕಿದೆ. ಆದರೂ ಆ ಸೊಪ್ಪನ್ನು ತಾಟಿಗೆ ಹಾಕಿಕೊಂಡಾಗ ಕೈ ತಡೆಯುತ್ತಿತ್ತು.

ಮೊಮ್ಮಗಳು ಹುಟ್ಟಿದಳು. ಹೊತ್ತಿಗೆ ಸರಿಯಾಗಿ, ಗಟ್ಟಿಮುಟ್ಟಾಗಿ. ಬಾಣಂತನಕ್ಕೆ ಮಗಳು ನಮ್ಮಲ್ಲಿಗೆ ಬರಲಿಲ್ಲ. ಅತ್ತೆಯ ಮನೆಗೇ ದವಾಖಾನೆ ಹತ್ತಿರ ಎಂದಳು. ನಾನು ಒಪ್ಪಿದೆ, ನಾನೇ ಅಲ್ಲಿಗೆ ಹೋಗಿ ಇದ್ದೆ. ನಿಜವಾದ ಕಾರಣವನ್ನು ಇಬ್ಬರೂ ಬಾಯಿಗೆ ತರಲಿಲ್ಲ.

ಮಗು ನಡೆಯಲು ಕಲಿತ ಮೇಲೆ ಮೊದಲ ಸಲ ಓಝರಿಗೆ ಬಂತು. ನಾನು ಹಿತ್ತಲ ಬಾಗಿಲು ಹಾಕಿಯೇ ಇಟ್ಟಿದ್ದೆ. ಮಗಳು ಬಟ್ಟೆ ಒಣಹಾಕಲು ಹೋದಾಗ ಅದು ತೆರೆದಿರಬೇಕು. ನಾನು ಹೊರಬಂದು ನೋಡುವಷ್ಟರಲ್ಲಿ ಮಗು ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಹಕ್ಕರಕಿ ಎಲೆ ಕಿತ್ತು ಬಾಯಿಯ ಹತ್ತಿರ ಒಯ್ದಿತ್ತು. ನಾನು ಓಡಿ ಹೋಗಿ ಕೈಗೆ ಹೊಡೆದೆ. ಎಲೆ ಬಿತ್ತು. ಮಗು ಗಾಬರಿಯಾಗಿ ಚೀರಿತು.

ಮಗಳು ಒಣಹಾಕುತ್ತಿದ್ದ ಸೀರೆ ಬಿಟ್ಟು ಬಂದಳು. ನನ್ನ ಮುಖ ನೋಡಿದಳು. ಬಗ್ಗಿ ಮಡಿಯಿಂದ ಇನ್ನೊಂದು ಎಲೆ ಕಿತ್ತಳು, ನಳದ ಕೆಳಗೆ ಹಿಡಿದು ಎರಡೂ ಬದಿ ತೊಳೆದಳು, ಅರ್ಧ ತಾನು ಬಾಯಿಗೆ ಹಾಕಿಕೊಂಡು ಇನ್ನರ್ಧ ಮಗುವಿಗೆ ಕೊಟ್ಟಳು.

"ತಿನ್ನಲಿ ಬಿಡು ಅವ್ವಾ," ಎಂದಳು.

ಮಗು ಅಳು ನಿಲ್ಲಿಸಿ ಅಗಿಯಿತು. ಕಹಿಗೆ ಮುಖ ಕಿವುಚಿತು, ಆದರೂ ಉಗುಳಲಿಲ್ಲ. ಮಗಳು ಸೀರೆ ಒಣಹಾಕಲು ಹೋದಳು. ನಾನು ಆವತ್ತು ಅಡುಗೆ ಮಾಡಲಿಲ್ಲ. ಸಂಜೆಯ ತನಕ ಆ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುತ್ತ ಕೂತೆ.